ನಕಲಿನಲ್ಲೊಂದು ಸ್ವಂತ ಸಾಲು

ಐವತ್ತೈದು ದಾಟಿದ ಹೆಂಗಸು, ಅದೂ ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಪಾಠ ಹೇಳಿದವಳು, ರಾತ್ರಿ ಹನ್ನೆರಡರವರೆಗೆ ಎಚ್ಚರವಿದ್ದು ಇಟಲಿಯ ಹೊಡೆದಾಟದ ಸಿನಿಮಾ ನೋಡುತ್ತಿದ್ದಳು ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ನಾನು ಬರೆಯಲು ಹೊರಟಿರುವುದೂ ನಗುವಿನ ವಿಷಯವೇ.

ಕಳೆದ ಬೇಸಿಗೆ ರಜೆಯಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿರುವ ಅಕ್ಕನ ಮಗನ ಮನೆಯಲ್ಲಿ ಒಂದೂವರೆ ತಿಂಗಳು ಇದ್ದೆ. ಅವನ ಮನೆಯ ನೆಲಮಾಳಿಗೆಯಲ್ಲಿ ಒಂದು ಹಳೆಯ ವಿಸಿಆರ್ ಇದೆ. ಅದರ ಪಕ್ಕದ ಕಪಾಟಿನಲ್ಲಿ ನಾವು ಪುಸ್ತಕ ಜೋಡಿಸುವಂತೆ ಜೋಡಿಸಿಟ್ಟ ಇನ್ನೂರು ಮುನ್ನೂರು ಕ್ಯಾಸೆಟ್ಟುಗಳು. ಜಗತ್ತಿನಲ್ಲಿ ವಿಸಿಆರ್ ತಯಾರಿಕೆಯೇ 2016ಕ್ಕೆ ನಿಂತುಹೋಗಿದೆ. ಆದರೂ ಇವನು ಹಳೆ ಸಾಮಾನು ಮಾರುವವರ ಮನೆ ಮನೆ ತಿರುಗಿ ಕ್ಯಾಸೆಟ್ ತರುತ್ತಾನೆ. ಒಂದು ಸಂಜೆ, "ಚಿಕ್ಕಮ್ಮ, ಬನ್ನಿ, ನಿಮಗೊಂದು ಮಜಾ ತೋರಿಸ್ತೀನಿ" ಎಂದು ಕೆಳಗೆ ಕರೆದ. ಅವನು ಕೈಗಿತ್ತ ಡಬ್ಬದ ಮೇಲೆ ಉರಿಯುವ ನಗರ, ಮೋಟಾರ್‌ಸೈಕಲ್, ಎದೆ ಉಬ್ಬಿಸಿ ನಿಂತ ಗಂಡಸು. "ಇಂಥದ್ದನ್ನೆಲ್ಲ ನನಗೆ ತೋರಿಸ್ತೀಯೇನೋ?" ಎಂದೆ. "ಹೆದರಬೇಡಿ, ಡಬ್ಬದ ಮೇಲಿರೋದು ಒಳಗಿರಲ್ಲ" ಎಂದ.

ಅವನು ಹೇಳಿದ್ದು ನಿಜವಾಗಿತ್ತು. ಸಿನಿಮಾದ ಹೆಸರು ‘1990: ದಿ ಬ್ರಾಂಕ್ಸ್ ವಾರಿಯರ್ಸ್’. ಎಂಜೊ ಕಾಸ್ತೆಲ್ಲಾರಿ ಎಂಬ ಇಟಲಿಯ ನಿರ್ದೇಶಕ 1982ರಲ್ಲಿ ತೆಗೆದದ್ದು. ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಭಾಗವನ್ನು ಸರ್ಕಾರ ಕೈಬಿಟ್ಟಿದೆ, ಅಲ್ಲಿ ಪುಂಡರ ಗುಂಪುಗಳದೇ ರಾಜ್ಯ. ದೊಡ್ಡ ಶ್ರೀಮಂತರ ಮನೆಯ ಹುಡುಗಿಯೊಬ್ಬಳು ಓಡಿಬಂದು ಆ ಪುಂಡರ ನಡುವೆ ಸೇರಿಕೊಳ್ಳುತ್ತಾಳೆ. ಅವಳನ್ನು ಹಿಡಿದು ತರಲು ಒಬ್ಬ ಕ್ರೂರಿ ಬರುತ್ತಾನೆ. ಕಥೆ ಇಷ್ಟೆ. ನಾಯಕನ ಪಾತ್ರದವನು ನಿರ್ದೇಶಕರಿಗೆ ರೋಮಿನ ವ್ಯಾಯಾಮಶಾಲೆಯೊಂದರಲ್ಲಿ ಸಿಕ್ಕಿದ ಹುಡುಗ. ಕಟ್ಟುಮಸ್ತಾದ ಮೈ, ಆದರೆ ನಡೆಯುವಾಗ ಬೆನ್ನಿಗೆ ಹಲಗೆ ಕಟ್ಟಿದಂತೆ ನಡೆಯುತ್ತಾನೆ. ತುಟಿ ಒಂದು ಹೇಳುತ್ತದೆ, ದನಿ ಇನ್ನೊಂದು ಹೇಳುತ್ತದೆ. ಯಾರೂ ವಾಸವಿಲ್ಲದ ಜಾಗ ಎಂದು ಹೇಳಿದ ಮೇಲೂ ಹಿಂದೆ ದೂರದಲ್ಲಿ ಕಾರುಗಳು ತಮ್ಮ ಪಾಡಿಗೆ ಓಡಾಡುತ್ತಿವೆ.

ಇಂಥ ಸಿನಿಮಾಗಳು ಹುಟ್ಟಿದ ಬಗೆಯನ್ನು ಅಕ್ಕನ ಮಗ ಆಮೇಲೆ ವಿವರಿಸಿದ. ನಾನೂ ಹುಡುಕಿ ಓದಿದೆ. ಇಟಲಿಯ ಸಿನಿಮಾದವರ ಬಾಯಲ್ಲಿ ‘ಫಿಲೋನೆ’ ಎಂಬ ಮಾತಿದೆ. ಗಣಿಯಲ್ಲಿ ಕಲ್ಲಿನ ನಡುವೆ ಹರಿದುಹೋಗುವ ಅದಿರಿನ ಎಳೆಗೆ ಆ ಹೆಸರು. ಕೋಲಾರದ ಕಡೆಯವರಿಗೆ ಇದು ಬೇಗ ಅರ್ಥವಾದೀತು. ಒಂದು ಕಡೆ ಚಿನ್ನ ಹೊಳೆಯಿತೋ, ಮುಗಿಯುವವರೆಗೆ ಎಲ್ಲರೂ ಅಲ್ಲೇ ಅಗೆಯುತ್ತಾರೆ. 1964ರಲ್ಲಿ ಸೆರ್ಜಿಯೊ ಲಿಯೋನೆ ತೆಗೆದ ಕೌಬಾಯ್ ಸಿನಿಮಾ ಗೆದ್ದಿತು. ಅದರ ಹಿಂದೆ ನೂರಾರು ಕೌಬಾಯ್ ಸಿನಿಮಾಗಳು. 1970ರ ದಶಕದಲ್ಲಿ ಪೊಲೀಸ್ ಸಿನಿಮಾಗಳು. ಆಮೇಲೆ ಆಸ್ಟ್ರೇಲಿಯಾದ ‘ಮ್ಯಾಡ್ ಮ್ಯಾಕ್ಸ್ 2’, ಅಮೆರಿಕದ ‘ಎಸ್ಕೇಪ್ ಫ್ರಮ್ ನ್ಯೂಯಾರ್ಕ್’ 1981ರಲ್ಲಿ ಗೆದ್ದಾಗ, ರೋಮಿನಲ್ಲಿ ಲೋಕ ನಾಶವಾದ ಮೇಲಿನ ಕಥೆಗಳ ಸಾಲು ಶುರುವಾಯಿತು. ‘ಬ್ರಾಂಕ್ಸ್ ವಾರಿಯರ್ಸ್’ ಈ ಸಾಲಿನದು.

ಅವರಿಗೂ ಅವಸರವಿತ್ತು, ಪಾಪ. 1976ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಊರೂರಿನ ಖಾಸಗಿ ಟಿ.ವಿ.ಗಳಿಗೆ ಬಾಗಿಲು ತೆರೆಯಿತು. ಜನ ಮನೆಯಲ್ಲೇ ಸಿನಿಮಾ ನೋಡತೊಡಗಿದರು. 1975ರಲ್ಲಿ ವರ್ಷಕ್ಕೆ ಸುಮಾರು 50 ಕೋಟಿ ಟಿಕೆಟ್ ಮಾರುತ್ತಿದ್ದ ದೇಶದಲ್ಲಿ ಹತ್ತು ವರ್ಷದೊಳಗೆ ಅದು 12 ಕೋಟಿಯ ಆಸುಪಾಸಿಗೆ ಇಳಿಯಿತು. ಒಳಗೆ ಗಿರಾಕಿ ಇಲ್ಲದಾಗ ಹೊರಗೆ ಮಾರಬೇಕು. ಹೊರಗೆ ಮಾರಬೇಕಾದರೆ ಅಮೆರಿಕದ ಸಿನಿಮಾದಂತೆ ಕಾಣಬೇಕು. ಹಾಗಾಗಿ ಹೆಸರುಗಳನ್ನೇ ಬದಲಿಸಿಕೊಂಡರು. ಅಂತೋನಿಯೊ ಮಾರ್ಗರೀತಿ ಪರದೆಯ ಮೇಲೆ ಆಂಥನಿ ಡಾಸನ್ ಆದರು. ಬ್ರೂನೊ ಮಟ್ಟೇಯಿ ವಿನ್ಸೆಂಟ್ ಡಾನ್ ಆದರು. ಲಿಯೋನೆ ಕೂಡ ಮೊದಲು ಬಾಬ್ ರಾಬರ್ಟ್‌ಸನ್ ಆಗಿಯೇ ಬಂದವರು. ಮದುವೆಯಾಗಿ ಹೋದ ಮನೆಯಲ್ಲಿ ಹೆಸರು ಬದಲಾಯಿಸಿಕೊಂಡ ನಮ್ಮ ಹಿಂದಿನ ತಲೆಮಾರಿನ ಹೆಂಗಸರಿಗೆ ಇದರಲ್ಲಿ ಆಶ್ಚರ್ಯ ಕಾಣದು.

ಕೊಳ್ಳುವವರೂ ಆಗಲೇ ಸಿಕ್ಕಿದರು. 1976ರಲ್ಲಿ ಜಪಾನಿನಲ್ಲಿ ವಿಎಚ್‌ಎಸ್ ಕ್ಯಾಸೆಟ್ ಬಂತು. ನಮ್ಮೂರುಗಳಲ್ಲಿ ವಿಸಿಪಿ ಬಾಡಿಗೆಗೆ ತಂದು ಓಣಿಯವರೆಲ್ಲ ಸೇರಿ ಒಂದೇ ರಾತ್ರಿ ಮೂರು ಸಿನಿಮಾ ನೋಡಿದ್ದು ನಿಮಗೆ ನೆನಪಿರಬಹುದು. ಅಮೆರಿಕದಲ್ಲೂ ಬೀದಿ ಬೀದಿಗೆ ಕ್ಯಾಸೆಟ್ ಅಂಗಡಿ ತೆರೆದವು. ಆದರೆ ದೊಡ್ಡ ಕಂಪನಿಗಳಿಗೆ ಮೊದಲು ಈ ಯಂತ್ರದ ಮೇಲೆಯೇ ಸಿಟ್ಟು. ಯೂನಿವರ್ಸಲ್, ಡಿಸ್ನಿ ಸೇರಿ 1976ರಲ್ಲಿ ಸೋನಿಯ ಮೇಲೆ ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 1984ರಲ್ಲಿ. ಅಂಗಡಿಯವನಿಗೆ ಕಪಾಟು ತುಂಬಬೇಕು. ಅಗ್ಗದ ಇಟಲಿಯ ಸಿನಿಮಾಗಳು ಅಲ್ಲಿ ಹೋಗಿ ಕುಳಿತವು. ಒಳಗಿನ ಬಡತನ ಕಾಣದಂತೆ ಡಬ್ಬಕ್ಕೆ ಚೆಂದದ ಚಿತ್ರ. ಹೊರಗಿನ ಸೀರೆ ರೇಷ್ಮೆ, ಒಳಗಿನ ಲಂಗಕ್ಕೆ ತೇಪೆ.

ಇದು ಅವುಗಳ ಚರಿತ್ರೆ. ಇನ್ನು ನನ್ನ ವಿಷಯಕ್ಕೆ ಬರುತ್ತೇನೆ.

ಶನಿವಾರ ಶನಿವಾರ ಅವನ ಗೆಳೆಯರು ನಾಲ್ಕೈದು ಜನ ಸೇರುತ್ತಿದ್ದರು. ನಾನು ಅವಲಕ್ಕಿ ಒಗ್ಗರಣೆ ಹಾಕಿ ಕೊಟ್ಟು ಮೂಲೆಯ ಕುರ್ಚಿಯಲ್ಲಿ ಕುಳಿತುಕೊಳ್ಳುತ್ತಿದ್ದೆ. ಅವರಿಗೆ ಎಲ್ಲವೂ ಬಾಯಿಪಾಠ. ತಪ್ಪು ಬರುವ ಮೊದಲೇ ನಗು ಶುರು. ಒಂದು ಶನಿವಾರ ಮಾರ್ಗರೀತಿಯವರ 1984ರ ‘ಕೋಡ್ ನೇಮ್: ವೈಲ್ಡ್ ಗೀಸ್’ ಹಾಕಿದರು. ಅದರಲ್ಲಿ ನಾಯಕನ ಕಾರು ಸುರಂಗದ ಗೋಡೆಯ ಮೇಲೇ ಹತ್ತಿ ಓಡುತ್ತದೆ. ಓಡುತ್ತಿರುವುದು ಆಟಿಕೆಯ ಕಾರು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ನಮ್ಮ ಗೊಂಬೆ ಹಬ್ಬದಲ್ಲಿ ಮಕ್ಕಳು ಮರಳಿನ ರಸ್ತೆ ಮಾಡಿ ಇಡುತ್ತಾರಲ್ಲ, ಅಂಥದ್ದು. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನನ್ನನ್ನು ನೋಡಿ ಅವರೂ ನಕ್ಕರು. "ಚಿಕ್ಕಮ್ಮ ಈಗ ನಮ್ಮ ಪಾರ್ಟಿ" ಎಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಆ ನಗುವಿನ ಸದ್ದನ್ನು ಹಿಂದೆ ಎಲ್ಲೋ ಕೇಳಿದ್ದೇನೆ ಅನ್ನಿಸುತ್ತಿತ್ತು. ಬೆಳಗಿನ ಜಾವ ನೆನಪಾಯಿತು.

ಸುಮಾರು ಇಪ್ಪತ್ತೈದು ವರ್ಷದ ಹಿಂದಿನ ಮಾತು. ಎಂಟನೇ ತರಗತಿ. ‘ನಾನು ಕಂಡ ಸಮುದ್ರ’ ಎಂದು ಪ್ರಬಂಧ ಕೊಟ್ಟಿದ್ದೆ. ಸಮುದ್ರ ಕಾಣದ ಬಯಲುಸೀಮೆಯ ಮಕ್ಕಳಿಗೆ ಇಂಥ ವಿಷಯ ಯಾಕೆ ಕೊಟ್ಟೆ ಎಂದು ಕೇಳಬೇಡಿ, ರೂಢಿ, ಕೊಟ್ಟೆ. ಒಬ್ಬ ಹುಡುಗ ಗೈಡಿನಿಂದ ಇಳಿಸಿದ್ದ. ಸೂರ್ಯಾಸ್ತ, ಅಲೆಗಳ ನರ್ತನ, ಮನಸ್ಸು ಪುಳಕಗೊಂಡಿತು, ಎಲ್ಲ ಇತ್ತು. ನಡುವೆ ಒಂದು ಕಡೆ ಗೈಡಿನ ಪುಟ ಹರಿದಿತ್ತೋ ಏನೋ, ಹೀಗೆ ಬರೆದಿದ್ದ: "ಸಮುದ್ರವು ನಮ್ಮೂರ ಕೆರೆ ಕೋಡಿ ಬಿದ್ದ ರಾತ್ರಿ ನಮ್ಮಜ್ಜಿಗೆ ನಿದ್ದೆ ಬರದ ಹಾಗೆ ಸದ್ದು ಮಾಡುತ್ತಿತ್ತು." ನಾನು ಅದನ್ನು ತರಗತಿಗೆ ಗಟ್ಟಿಯಾಗಿ ಓದಿ, "ಏನಪ್ಪಾ, ನಿಮ್ಮಜ್ಜಿಯನ್ನೂ ಸಮುದ್ರಕ್ಕೆ ಕರಕೊಂಡು ಹೋಗಿದ್ದೆಯಾ?" ಎಂದೆ. ಮಕ್ಕಳು ಗೊಳ್ಳೆಂದವು. ನಾನೂ ಕಣ್ಣೊರೆಸಿಕೊಂಡು ನಕ್ಕೆ. ಅವನೂ ನಗುವ ಹಾಗೆ ಮಾಡಿದ. ಆಮೇಲೆ ವರ್ಷವಿಡೀ ಅವನ ಪ್ರಬಂಧಗಳಲ್ಲಿ ತಪ್ಪೇ ಇರಲಿಲ್ಲ. ಒಂದು ಕೊಂಬು, ಒಂದು ದೀರ್ಘ ಆಚೀಚೆಯಾಗದಂತೆ ಗೈಡಿನ ಪುಟ ಪೂರ್ತಿ ಇಳಿಸುತ್ತಿದ್ದ. ಅಚ್ಚುಕಟ್ಟಾಗಿದೆ ಎಂದು ನಾನು ಏಳು ಎಂಟು ಅಂಕ ಕೊಡುತ್ತಾ ಹೋದೆ.

ಸಮುದ್ರದ ಬಗ್ಗೆ ನನ್ನ ಮೂವತ್ತು ವರ್ಷದ ಕೆಲಸದಲ್ಲಿ ಓದಿದ ಒಂದೇ ಒಂದು ಒಳ್ಳೆಯ ಸಾಲು ಅದು. ಮಿಷಿಗನ್ನಿನಲ್ಲಿ ಆಟಿಕೆ ಕಾರು ನೋಡಿ ನಕ್ಕ ರಾತ್ರಿಯವರೆಗೆ ನನಗದು ಗೊತ್ತಾಗಿರಲಿಲ್ಲ.

ಮಾರನೆಯ ದಿನ ಆ ‘ಬ್ರಾಂಕ್ಸ್ ವಾರಿಯರ್ಸ್’ ಅನ್ನು ಒಬ್ಬಳೇ ಕುಳಿತು ಇನ್ನೊಮ್ಮೆ ನೋಡಿದೆ. ಕಾಪಿ ಹೊಡೆದ ಹುಡುಗನ ಪುಸ್ತಕ ಎಂದುಕೊಂಡೇ ನೋಡಿದೆ, ಆದರೆ ಈ ಸಲ ಗೈಡಿನಲ್ಲಿ ಇಲ್ಲದ್ದು ಎಲ್ಲಿದೆ ಎಂದು ಹುಡುಕುತ್ತಾ. ಸಿಕ್ಕಿತು. ಓಡಿಬಂದ ಹುಡುಗಿಯ ಪಾತ್ರದಲ್ಲಿರುವವಳು ನಿರ್ದೇಶಕರ ಮಗಳು. ಇನ್ನೊಂದು ಪಾತ್ರದಲ್ಲಿ ಅವರ ಅಣ್ಣ. ಅವರ ತಂದೆಯೂ ಸಿನಿಮಾ ನಿರ್ದೇಶಕರೇ. ನಮ್ಮ ಹಳೆಯ ನಾಟಕ ಕಂಪನಿಗಳಲ್ಲಿ ಮನೆಮಂದಿಯೆಲ್ಲ ಬಣ್ಣ ಹಚ್ಚುತ್ತಿದ್ದರಲ್ಲ, ಹಾಗೆ. ಇನ್ನೊಂದು ವಿಷಯ ತಿಳಿದಾಗ ನನಗೆ ನಿಜಕ್ಕೂ ಮಜವೆನ್ನಿಸಿತು. ಇವರು ನಕಲು ಮಾಡಿದ ‘ಎಸ್ಕೇಪ್ ಫ್ರಮ್ ನ್ಯೂಯಾರ್ಕ್’ ಚಿತ್ರದ ಬಹುಪಾಲು ಚಿತ್ರೀಕರಣ ನಡೆದದ್ದು ನ್ಯೂಯಾರ್ಕಿನಲ್ಲಲ್ಲ, ಸೇಂಟ್ ಲೂಯಿಸ್ ಎಂಬ ಬೇರೆ ಊರಿನಲ್ಲಿ. ನಕಲು ಮಾಡಿದ ಇಟಲಿಯವರು ಒಳಾಂಗಣವನ್ನು ರೋಮಿನಲ್ಲಿ ತೆಗೆದರೂ ಹೊರಾಂಗಣಕ್ಕೆ ನಿಜವಾದ ಬ್ರಾಂಕ್ಸಿಗೇ ಹೋದರು. 1970ರ ದಶಕದಲ್ಲಿ ಆ ಭಾಗದಲ್ಲಿ ಬೀದಿ ಬೀದಿಯೇ ಬೆಂಕಿಗೆ ಸಿಕ್ಕಿ ಹಾಳಾಗಿತ್ತು. ಸುಟ್ಟ ಗೋಡೆ, ಬಾಯ್ದೆರೆದ ಕಿಟಕಿ, ಇಟ್ಟಿಗೆಯ ರಾಶಿ, ಅದಾವುದೂ ಸೆಟ್ಟಲ್ಲ. ಅಲ್ಲಿ ಜನ ಸಂಸಾರ ಮಾಡಿದ್ದರು. ಅಸಲಿಗೆ ಸಿಗದ ಊರು ನಕಲಿಗೆ ಸಿಕ್ಕಿಬಿಟ್ಟಿತ್ತು.

ಅವರ ಪೊಲೀಸ್ ಸಿನಿಮಾಗಳೂ ಹಾಗೆಯೇ. ಕಥೆ ಅಮೆರಿಕದ್ದು, ಹೆದರಿಕೆ ಮಾತ್ರ ಸ್ವಂತದ್ದು. 1969ರ ಡಿಸೆಂಬರಿನಲ್ಲಿ ಮಿಲಾನಿನ ಬ್ಯಾಂಕೊಂದರಲ್ಲಿ ಬಾಂಬು ಸಿಡಿದು 17 ಜನ ಸತ್ತರು. 1978ರಲ್ಲಿ ಹಿಂದಿನ ಪ್ರಧಾನಿ ಆಲ್ದೊ ಮೊರೊ ಅವರನ್ನು ಹಾಡಹಗಲೇ ಅಪಹರಿಸಿ ಕೊಂದರು. 1980ರಲ್ಲಿ ಬೊಲೋನ್ಯಾ ರೈಲು ನಿಲ್ದಾಣದ ಬಾಂಬಿಗೆ 85 ಜನ ಬಲಿಯಾದರು. ಬೆಳಿಗ್ಗೆ ಪೇಟೆಗೆ ಹೋದವರು ಸಂಜೆ ಬರುತ್ತಾರೋ ಇಲ್ಲವೋ ಎಂಬ ದಿನಗಳಲ್ಲಿ ಅದೇ ಪೇಟೆಯಲ್ಲಿ ಕ್ಯಾಮೆರಾ ಇಟ್ಟು ತೆಗೆದ ಸಿನಿಮಾಗಳವು. ನಮ್ಮಜ್ಜಿಗೆ ನಿದ್ದೆ ಬರುತ್ತಿರಲಿಲ್ಲ ಎಂಬ ಸಾಲು ಅಲ್ಲೂ ಇದೆ, ಹುಡುಕುವವರಿಗೆ.

ಹಾಗಾದರೆ ನಕಲು ತಪ್ಪಲ್ಲವೇ? ತಪ್ಪೇ. ಲಿಯೋನೆಯವರ ಮೊದಲ ಕೌಬಾಯ್ ಸಿನಿಮಾ ಜಪಾನಿನ ಕುರೊಸಾವಾ ಅವರ ‘ಯೋಜಿಂಬೊ’ದ ನಕಲು, ಅನುಮತಿ ಇಲ್ಲದ್ದು. ಕೇಳಿದವರಿಗೆ ಗಳಿಕೆಯಲ್ಲಿ ಶೇಕಡಾ 15 ಕೊಡಬೇಕಾಯಿತು. ಸರಿಯಾಗಿಯೇ ಆಯಿತು. ಆದರೆ ಅದೇ ಲಿಯೋನೆ 1968ರಲ್ಲಿ ತೆಗೆದ ಇನ್ನೊಂದು ಸಿನಿಮಾದಲ್ಲಿ ಒಂದು ಸಂಸಾರವನ್ನು ಮನೆಯಂಗಳದಲ್ಲೇ ಕೊಲ್ಲುವ ದೃಶ್ಯವಿದೆ. ಅದರ ನೆರಳು 1975ರ ‘ಶೋಲೆ’ಯಲ್ಲಿ ಠಾಕೂರರ ಅಂಗಳಕ್ಕೆ ಬಿತ್ತು. ಆ ಅಂಗಳ ಇದ್ದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ಆ ಜೋಕಾಲಿಯ ಕಿರುಗುಟ್ಟುವಿಕೆ ಕೇಳಿ ಅತ್ತವರು ಇದು ಯಾರದೆಂದು ಕೇಳಿದೆವೇ? ಕಲಿಯುವವನು ಮೊದಲು ಇನ್ನೊಬ್ಬರ ಕೈಬರಹದ ಮೇಲೆ ತಿದ್ದುತ್ತಾನೆ. ಮರಳಿನ ಮೇಲೆ ಅ ಆ ತಿದ್ದಿದವರೆಲ್ಲ ನಕಲು ಮಾಡಿದವರೇ. ದುಡ್ಡು, ಸಮಯ, ಪುಟ ಎಲ್ಲಿ ಮುಗಿದುಹೋಗುತ್ತದೋ ಅಲ್ಲಿ ಅವನು ತನ್ನದನ್ನು ಹಾಕಲೇಬೇಕಾಗುತ್ತದೆ. ನನಗೆ ಈ ಬಡ ಸಿನಿಮಾಗಳ ಆಕರ್ಷಣೆ ಅಲ್ಲೇ ಇದೆ ಅನ್ನಿಸುತ್ತದೆ. ದೊಡ್ಡ ದುಡ್ಡಿನ ಸಿನಿಮಾದಲ್ಲಿ ಹೊಲಿಗೆ ಕಾಣುವುದಿಲ್ಲ. ಇಲ್ಲಿ ಒಂದೊಂದು ಹೊಲಿಗೆಯೂ ಕಾಣುತ್ತದೆ, ಹೊಲಿದ ಕೈಯೂ ಕಾಣುತ್ತದೆ.

ಇದನ್ನೆಲ್ಲ ಅಕ್ಕನ ಮಗನಿಗೆ ಹೇಳಿ, "ನೀವು ನಗೋದು ಸರಿಯಲ್ಲ ಕಣೋ" ಎಂದೆ. ಅವನು ಸಿಟ್ಟಾಗಲಿಲ್ಲ. "ಚಿಕ್ಕಮ್ಮ, ನಕ್ಕವರೇ ಇದನ್ನ ಉಳಿಸಿದ್ದು. ಮರ್ಯಾದಸ್ಥರು ಯಾರೂ ಉಳಿಸಲಿಲ್ಲ. ನಾವು ನಗದೇ ಇದ್ದಿದ್ರೆ ಈ ಕ್ಯಾಸೆಟ್ ಯಾವತ್ತೋ ಕಸದ ಗಾಡಿ ಹತ್ತಿರೋದು" ಎಂದ. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವನು ಹೇಳಿದ್ದಕ್ಕೆ ಸಾಕ್ಷಿಯೂ ಇದೆ. ಕ್ಯಾಲಿಫೋರ್ನಿಯಾದ ಕ್ಯಾಸೆಟ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಕ್ವೆಂಟಿನ್ ಟರಂಟೀನೊ ಇಂಥವನ್ನೆಲ್ಲ ನೋಡಿ ಬೆಳೆದವರು. ಅವರು ನಿರ್ದೇಶಕರಾಗಿ ಹೆಸರು ಮಾಡಿದ ಮೇಲೆ 2004ರ ವೆನಿಸ್ ಚಿತ್ರೋತ್ಸವದಲ್ಲಿ ಈ ಅಗ್ಗದ ಸಿನಿಮಾಗಳಿಗೆಂದೇ ಒಂದು ವಿಭಾಗ ನಡೆಯಿತು, ಅದಕ್ಕೆ ಬೆಂಬಲವಾಗಿ ನಿಂತವರಲ್ಲಿ ಅವರೂ ಒಬ್ಬರು. 2009ರಲ್ಲಿ ಕಾಸ್ತೆಲ್ಲಾರಿಯವರ 1978ರ ಸಿನಿಮಾ ಒಂದರ ಇಂಗ್ಲಿಷ್ ಹೆಸರನ್ನೇ ತಮ್ಮ ಸಿನಿಮಾಕ್ಕೆ ಇಟ್ಟು, ಆ ಹಿರಿಯರನ್ನು ಕರೆಸಿ ಒಂದು ಸಣ್ಣ ಪಾತ್ರವನ್ನೂ ಕೊಟ್ಟರು. ಅದೇ ಸಿನಿಮಾದಲ್ಲಿ ಒಬ್ಬ ಪಾತ್ರಧಾರಿ ತಾನು ಇಟಲಿಯವನೆಂದು ಸುಳ್ಳು ಹೇಳುವಾಗ ಇಟ್ಟುಕೊಳ್ಳುವ ಹೆಸರು ಅಂತೋನಿಯೊ ಮಾರ್ಗರೀತಿ. ತನ್ನ ಹೆಸರು ಬಚ್ಚಿಟ್ಟು ಆಂಥನಿ ಆದವರ ನಿಜವಾದ ಹೆಸರು ಕೊನೆಗೆ ಹೀಗೆ ಪರದೆಯ ಮೇಲೆ ಬಂತು. ಅದನ್ನು ಕೇಳಲು ಅವರು ಇರಲಿಲ್ಲ. 2002ರಲ್ಲೇ ತೀರಿಕೊಂಡಿದ್ದರು.

ಹೀಗೆಂದು ಎಲ್ಲವನ್ನೂ ಮುದ್ದಿಸಲಾರೆ. ಈ ಸಿನಿಮಾಗಳಲ್ಲಿ ಹೆಣ್ಣುಮಕ್ಕಳಿಗೆ ಇರುವ ಕೆಲಸ ಕಿರುಚುವುದು, ಬಟ್ಟೆ ಹರಿಸಿಕೊಳ್ಳುವುದು, ನಾಯಕನಿಗೆ ಸಿಟ್ಟು ಬರಲೆಂದು ಸಾಯುವುದು. ಅದಕ್ಕೆ ದುಡ್ಡಿನ ಕೊರತೆ ಕಾರಣವಲ್ಲ. ಹೆಣ್ಣಿಗೆ ನಾಲ್ಕು ಒಳ್ಳೆಯ ಮಾತು ಕೊಡಲು ಖರ್ಚೇನೂ ಇಲ್ಲ. ಅದೇ ರೋಮಿನ, ಅದೇ ಕಾಲದ ಕಾಡಿನ ಸಿನಿಮಾ ಒಂದರಲ್ಲಿ, 1980ರದು, ಕ್ಯಾಮೆರಾದ ಮುಂದೆ ನಿಜವಾದ ಪ್ರಾಣಿಗಳನ್ನೇ ಕೊಂದರು. ಅದನ್ನು ನಾನು ನೋಡಲಿಲ್ಲ, ನೋಡುವುದೂ ಇಲ್ಲ. ಬಡತನವು ಆಟಿಕೆ ಕಾರಿಗೆ ನೆಪವಾಗಬಹುದು, ಕ್ರೌರ್ಯಕ್ಕೆ ಆಗದು. ಅಲ್ಲದೆ ಕೆಟ್ಟದ್ದನ್ನು ಒಳ್ಳೆಯದು ಎಂದುಬಿಡುವುದೂ ಅವಮಾನವೇ. ಪಾಪ ಎಂದು ಹಾಕಿದ ಅಂಕ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ. ಆ ಹುಡುಗನ ಪ್ರಬಂಧಕ್ಕೆ ಈಗಲೂ ನಾನು ಹತ್ತಕ್ಕೆ ನಾಲ್ಕೇ ಕೊಡುತ್ತಿದ್ದೆ.

ನಗುವುದು ತಪ್ಪಲ್ಲ ಎಂಬಲ್ಲಿಗೆ ನಾನು ಬಂದು ನಿಂತಿದ್ದೇನೆ. ನಗೆ ಬಂದರೆ ತಡೆಯುವುದು ಹೇಗೆ? ನನ್ನ ತಪ್ಪು ನಕ್ಕದ್ದಲ್ಲ. ನಕ್ಕು, ಅಲ್ಲಿಗೆ ಮುಗಿಯಿತೆಂದು ಪುಸ್ತಕ ಮುಚ್ಚಿ, ಮುಂದಿನ ಪುಸ್ತಕ ಎತ್ತಿಕೊಂಡದ್ದು. ಅಕ್ಕನ ಮಗ ನಗುತ್ತಾನೆ, ಆದರೆ ಮುಚ್ಚುವುದಿಲ್ಲ. ಆ ಬೆನ್ನಿಗೆ ಹಲಗೆ ಕಟ್ಟಿದಂತೆ ನಡೆಯುವ ನಟನ ಕಥೆಯೂ ಅವನಿಗೆ ಗೊತ್ತು. ಮಾರ್ಕ್ ಗ್ರೆಗರಿ ಎಂಬ ಹೆಸರಿನಲ್ಲಿ ಕೆಲವು ಸಿನಿಮಾ ಮಾಡಿ, 1980ರ ದಶಕ ಮುಗಿಯುವಾಗ ಆತ ಚಿತ್ರರಂಗ ಬಿಟ್ಟು ಹೊರಟುಹೋದ. ನಕ್ಕ ಅಭಿಮಾನಿಗಳೇ ಎಷ್ಟೋ ವರ್ಷ ಅವನನ್ನು ಹುಡುಕಿದರು. 2013ರಲ್ಲೇ ತೀರಿಕೊಂಡಿದ್ದಾನೆ ಎಂಬುದು ಎಷ್ಟೋ ತಡವಾಗಿ ತಿಳಿಯಿತು. ನನ್ನ ಆ ಹುಡುಗ ಎಲ್ಲಿದ್ದಾನೆ ಎಂದು ಹುಡುಕಲು ನಾನು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ.

ಹೊರಡುವ ಹಿಂದಿನ ಶನಿವಾರ ಸಿನಿಮಾ ಮುಗಿದು, ಯಾರೋ ಕ್ಯಾಸೆಟ್ ಹಿಂದಕ್ಕೆ ಸುತ್ತಲು ಹೋದರು. "ಹೆಸರು ಹೋಗಲಿ ಇರಪ್ಪ" ಎಂದೆ. ಎಲ್ಲರೂ ಸುಮ್ಮನೆ ಕುಳಿತು ನೋಡಿದರು. ಅವುಗಳಲ್ಲಿ ಎಷ್ಟು ನಿಜವಾದ ಹೆಸರೋ, ಎಷ್ಟು ಇಟ್ಟುಕೊಂಡ ಹೆಸರೋ.

ಜೂನಿನಲ್ಲಿ ಶಾಲೆ ಶುರುವಾಯಿತು. ಒಂಬತ್ತನೇ ತರಗತಿಗೆ ‘ಮಳೆಗಾಲದ ಒಂದು ದಿನ’ ಕೊಟ್ಟೆ. ಈಗ ಗೈಡು ಬೇಡ, ಮೊಬೈಲಿನಲ್ಲೇ ಎಲ್ಲ ಸಿಗುತ್ತದೆ. ಒಬ್ಬ ಹುಡುಗಿ ಇಳೆ ತಣಿಯಿತು, ನವಿಲು ಗರಿಗೆದರಿತು ಎಂದು ಇಳಿಸುತ್ತಾ ಬಂದು ನಡುವೆ ಹೀಗೆ ಬರೆದಿದ್ದಳು: "ಮಳೆ ಬಂದರೆ ನಮ್ಮಮ್ಮ ಕೂಲಿಗೆ ಹೋಗುವುದಿಲ್ಲ. ಆದ್ದರಿಂದ ಮಳೆ ಒಳ್ಳೆಯದು. ಸಂಜೆಗೆ ಕೆಟ್ಟದ್ದು." ನಾನು ಆ ಸಾಲುಗಳ ಕೆಳಗೆ ಉದ್ದಕ್ಕೂ ಗೆರೆ ಎಳೆದೆ. ಕೈಯಲ್ಲಿದ್ದದ್ದು ಕೆಂಪು ಪೆನ್ನು.

ಮಾರನೆಯ ದಿನ ಪುಸ್ತಕ ಹಿಡಿದುಕೊಂಡು ಮೇಜಿನ ಹತ್ತಿರ ಬಂದಳು. "ಮಿಸ್, ಇದು ತಪ್ಪಾ?"

ಕೆಂಪು ಗೆರೆಗೆ ಒಂದೇ ಅರ್ಥ ಎಂದು ಮೂವತ್ತು ವರ್ಷ ಕಲಿಸಿದವಳು ನಾನೇ ಅಲ್ಲವೇ. "ಅಲ್ಲ ಕಣೆ. ಇಡೀ ಪ್ರಬಂಧದಲ್ಲಿ ಇದೊಂದೇ ನಿನ್ನದು, ಅದಕ್ಕೆ ಎಳೆದೆ" ಎಂದೆ. ತಲೆಯಾಡಿಸಿ ತನ್ನ ಜಾಗಕ್ಕೆ ಹೋದಳು. ನಂಬಿದ ಹಾಗೆ ಕಾಣಲಿಲ್ಲ.